ಮಗಳ ನೆನಪಿನ ಬೆಂಚು ಉಳಿಸಿದ ಗೆದ್ದಲಕ್ಕ

ಚರ್ಚಿನ ಮೇಜು, ಬೆಂಚುಗಳೆಂದರೆ ಆಗಾಗ ಬಣ್ಣ ಬಳಿದು ಮರೆತುಬಿಡುವ ವಸ್ತುಗಳೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಅವುಗಳ ಪಾಲನೆಯನ್ನೇ ಒಂದು ವ್ರತವೆಂಬಂತೆ ನಡೆಸಿಕೊಂಡು ಬಂದವರು ಇಂದು ನಿವೃತ್ತರಾಗುತ್ತಿರುವ ನಮ್ಮ ಮೇಲ್ವಿಚಾರಕಿ. ಸಭೆಯವರಿಗೆಲ್ಲ ಅವರು ಪ್ರೀತಿಯ 'ಗೆದ್ದಲಕ್ಕ'. ಗೆದ್ದಲೆಂದರೆ ಮುಖ ಬಿಳಿಚಿಕೊಳ್ಳುವ ಹೆಂಗಸಿಗೆ ಈ ಹೆಸರು ಅಂಟಿದ್ದು ತಮಾಷೆಯೇ ಸರಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ಎಲ್ಲಕ್ಕೂ ಭಯ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ತೇಗದ ಮೇಜಿನ ಮೇಲೆ ಯಾರಾದರೂ ಒದ್ದೆ ಹೂದಾನಿ ಇಟ್ಟರೆ ಎದೆ ಧಸಕ್ಕೆನ್ನುವುದು. ಬೆಂಚು ಎಳೆದ ಸದ್ದು ಕೇಳಿದರೆ ಎಲ್ಲಿದ್ದರೂ ಓಡಿಬರುವರು. ವಯಸ್ಸಾದವರ ಮಂಡಿ ನೋಯದಿರಲೆಂದು ಮನೆಯ ಕಂಬಳಿಯನ್ನೇ ಕತ್ತರಿಸಿ ಮಂಡಿಯೂರುವ ಹಲಗೆಗಳಿಗೆ ಹೊಲಿದವರೂ ಅವರೇ.

ಮುಂದೆ ನಿವೃತ್ತ ಅಂಚೆ ಮಾಸ್ತರರೊಬ್ಬರು ತೀರಿಹೋದ ಮಗಳ ನೆನಪಿಗಾಗಿ, ಅವಳು ಕೂತು ಓದುತ್ತಿದ್ದ ಕೆತ್ತನೆಯ ಬೆಂಚನ್ನು ಚರ್ಚಿಗೆ ಕೊಟ್ಟರು. ಅದನ್ನು ಪ್ರಭುಭೋಜನದ ಮೇಜಿನ ಪಕ್ಕದಲ್ಲೇ ಇರಿಸಲಾಯಿತು. ಕೆಲವು ದಿನಗಳ ನಂತರ ಗೆದ್ದಲಕ್ಕನಿಗೆ ಅದರ ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಕಂಡಿತು. ಒರೆಸಿದರು. ಮರುದಿನ ಮತ್ತೆ ಪುಡಿ. ತಟ್ಟಿ ನೋಡಿದರೆ ಟೊಳ್ಳು ಸದ್ದು. ಸುಮ್ಮನಿದ್ದರೆ ಒಳಗೆ ಮರ ಕೊರೆಯುತ್ತಿರುವ ಹುಳು ಮೇಜಿಗೂ, ಬೋಧನೆ ಮಾಡುವ ಪ್ರಸಂಗಪೀಠಕ್ಕೂ ಹಬ್ಬುವುದು. ಹೇಳಿದರೆ ಮಗಳನ್ನು ಕಳೆದುಕೊಂಡವರ ಎದೆಗೆ ಮತ್ತೊಂದು ಏಟು.

ಸಭಾಪಾಲಕರಿಗೆ ತಿಳಿಸಿದರೆ ಅವರೂ ಅಂಜಿದರು. "ಈಗಲೇ ಬೇಡಮ್ಮ, ಸ್ವಲ್ಪ ದಿನ ಕಳೀಲಿ."

"ಹುಳ ನಮಗೋಸ್ಕರ ಕಾಯಲ್ಲ, ಅಯ್ಯನವರೇ."

ಬೆಂಚನ್ನು ಹಿಂದಿನ ಖಾಲಿ ಕೋಣೆಗೆ ಸಾಗಿಸಿ ಅವರು ಮಾಸ್ತರರ ಮನೆಗೆ ನಡೆದರು. ಬಾಗಿಲು ತಟ್ಟಲು ಕೈ ಎತ್ತಿದಾಗ ಹಿಂತಿರುಗಿಬಿಡೋಣವೆನಿಸಿತು. ಅಷ್ಟರಲ್ಲಿ ಮಾಸ್ತರರೇ ಬಾಗಿಲು ತೆರೆದರು. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಸುಟ್ಟುಬಿಡ್ತೀರಾ?"

"ಉಳಿಸೋಕೆ ನೋಡ್ತೀನಿ ಅಣ್ಣ. ಉಳಿಯತ್ತೆ ಅಂತ ಮಾತು ಕೊಡಕ್ಕಾಗಲ್ಲ."

"ಆಸ್ಪತ್ರೇಲಿ ಯಾರೂ ನನಗೆ ನಿಜ ಹೇಳ್ಲಿಲ್ಲ. ನೀವು ಹೇಳಿದ್ರಿ. ನಾನೂ ಬರ್ತೀನಿ."

ಇಬ್ಬರೂ ಕೂತು ಒಂದೊಂದೇ ತೂತಿಗೆ ಸೂಜಿಯಿಂದ ಔಷಧಿ ಬಿಟ್ಟರು, ಪ್ಲಾಸ್ಟಿಕ್ ಹಾಳೆ ಸುತ್ತಿದರು. ಬೆಳಗಾದರೆ ಅದನ್ನು ಬಿಚ್ಚಿ, ಕೆಳಗೆ ಹಾಸಿದ ಕಪ್ಪು ಬಟ್ಟೆ ನೋಡುವುದು. ಎಷ್ಟೋ ಬೆಳಗು ಪುಡಿ ಬಿದ್ದೇ ಇರುತ್ತಿತ್ತು. ಬೆಂಚಿನ ಎರಡು ಕಾಲುಗಳನ್ನು ಉಳಿಸಲಾಗಲಿಲ್ಲ. ಬಡಗಿ ಹೊಸವನ್ನು ಕೂರಿಸಿದ. ಕೊನೆಗೊಮ್ಮೆ ಬಟ್ಟೆ ಶುಭ್ರವಾಗಿತ್ತು. ಆದರೂ ಗೆದ್ದಲಕ್ಕನಿಗೆ ಧೈರ್ಯ ಬರಲಿಲ್ಲ. ಮತ್ತೊಂದು ಬೇಸಿಗೆ ಕಳೆಯುವವರೆಗೂ ಬೆಂಚನ್ನು ಹೊರಗೆ ಬಿಡಲಿಲ್ಲ.

ಅದು ಚರ್ಚಿನೊಳಗೆ ಮರಳಿದ ದಿನ ಮಾಸ್ತರರು ಕೂರಲಾರದೆ ನಿಂತೇ ಇದ್ದರು. ಗೆದ್ದಲಕ್ಕ ತಾವೇ ಮೊದಲು, ಅಂಚು ಗಟ್ಟಿಯಾಗಿ ಹಿಡಿದುಕೊಂಡು, ಮೆಲ್ಲನೆ ಕೂತರು. "ಬನ್ನಿ ಅಣ್ಣ, ತಡ್ಕೊಳತ್ತೆ." ಮಾಸ್ತರರು ಕೂತರು, ಮಗಳು ಕೂರುತ್ತಿದ್ದ ಜಾಗವನ್ನು ಅಂಗೈಯಿಂದ ಸವರಿದರು.

ಸಭೆ ಕೊಂಡಿರುವ ಹೊಸ ಕುರ್ಚಿಗಳು ಸದ್ಯದಲ್ಲೇ ಬರಲಿವೆ. ಅವರಿಲ್ಲದೆ ಅವನ್ನು ಒಳಗೆ ತರಲು ಈಗ ನಮಗೇ ಭಯ. ದೇವರು ಅವರಿಗೆ ದೀರ್ಘಾಯುಸ್ಸನ್ನೂ ಕೈಗೆ ಕಸುವನ್ನೂ ಕೊಡಲಿ. ಅವರೇ ಬಂದು, ಒಂದೊಂದು ಕುರ್ಚಿಯನ್ನೂ ತಟ್ಟಿ ನೋಡಿ, ಒಳಗೆ ಬಿಡುವಂತಾಗಲಿ.