ನಿಮ್ಮಪ್ಪನಿಗೆ ತೋರಿಸಿದವಳು

ಲತಾ, ಆ ವಿಡಿಯೊವನ್ನು ನಿಮ್ಮಪ್ಪನಿಗೆ ತೋರಿಸಿದ್ದು ನಾನೇ. ಎದುರುಮನೆಯವರಲ್ಲ, ಬೀದಿಯವರು ಯಾರೂ ಅಲ್ಲ — ನಿನ್ನ ಸೋದರತ್ತೆ, ಕಾಲೇಜಿನಲ್ಲಿ ನಿನಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದ ನಾನು. ಇಷ್ಟು ವರ್ಷ ಮುಚ್ಚಿಟ್ಟೆ. ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಸೇಲಂನ ನಮ್ಮ ನೇಕಾರರ ಬೀದಿಗೆ ಕ್ಯಾಮೆರಾ ಹಾಕಿಸಿದ್ದು ರೇಷ್ಮೆ ನೂಲು ಕಳುವಾಗುತ್ತದೆ ಅಂತ. ಓದಿದವಳು ಎಂದು ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಮೊಬೈಲಿಗೆ ಬಂತು. ಕಳ್ಳನನ್ನು ನಾನು ಒಂದು ದಿನವೂ ಹುಡುಕಲಿಲ್ಲ. ಯಾರ ಮನೆಗೆ ಯಾರು ಬಂದರು, ಯಾವ ಸೊಸೆ ಎಷ್ಟು ಹೊತ್ತು ಬಾಗಿಲಲ್ಲಿ ನಿಂತಳು — ಊಟ ಮಾಡುತ್ತಾ ಅದನ್ನೇ ನೋಡುತ್ತಿದ್ದೆ. ಥೂ! ರುಚಿಯಾಗಿತ್ತು ನನಗೆ.

ಆಗ ತರಗತಿಯಲ್ಲಿ ಮಾಡುತ್ತಿದ್ದ ಪಾಠವಾದರೂ ಏನು? ಕೆಟ್ಟ ಕನಸಿನಂಥ ನಾಡುಗಳ ಕಾದಂಬರಿಗಳು. ಒಂದು ಬಗೆಯಲ್ಲಿ ಸರ್ಕಾರ ಗೋಡೆಗೋಡೆಗೂ ಕಣ್ಣಿಟ್ಟು, ಹೆದರಿಸಿ ಆಳುತ್ತದೆ. ಇನ್ನೊಂದರಲ್ಲಿ ಹೊಡೆತವೇ ಇಲ್ಲ — ಸುಖ ಉಣಿಸಿ ಉಣಿಸಿ ಪ್ರಶ್ನೆ ಕೇಳುವುದನ್ನೇ ಮರೆಸುತ್ತದೆ. ಎರಡರಲ್ಲೂ ಆಳುವವರಿಗೆ ಕುಟುಂಬ ಕಂಡರೆ ಆಗದು, ಏಕೆಂದರೆ ಮನುಷ್ಯನಿಗೆ ಅದೇ ಕೊನೆಯ ಆಸರೆ... ಹೀಗೆಲ್ಲ ಕೊಚ್ಚಿಕೊಂಡೆ. ಮನೆಗೆ ಬರುವ ಬಸ್ಸಿನಲ್ಲಿ ನೀನು ಕೇಳಿದೆ: "ಅತ್ತೆ, ಮನೆಯೋರೇ ಪ್ರೀತಿ ಪ್ರೀತಿ ಅಂತ ಕಟ್ಟಾಕಿದ್ರೆ? ಅದುಕ್ಕೆ ಯಾವ ನಾವೆಲ್ ಐತೆ?" ನಾನು ನಕ್ಕು, ಟಿಕೆಟಿಗೆ ಚಿಲ್ಲರೆ ಎಣಿಸಿದೆ.

ಅದಾದ ಮೇಲೆ ಒಂದು ಸಂಜೆ, ಬೀದಿ ಮೂಲೆಯಲ್ಲಿ ನೀನು ಯಾವನೋ ಹುಡುಗನ ಬೈಕಿನಿಂದ ಇಳಿದೆ. ನಗುತ್ತಿದ್ದೆ. ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ಆ ನಗುವನ್ನು ನೋಡಿದೆ — ಅಷ್ಟು ನಿರಾಳವಾಗಿ ನಾನು ಎಂದೂ... ಬೇಡ, ಅದು ನೆಪವಾಗುತ್ತದೆ. ನೇರ ನಿಮ್ಮ ಮನೆಗೆ ಹೋಗಿ ಅಣ್ಣನ ಕೈಗೆ ಮೊಬೈಲು ಕೊಟ್ಟೆ. "ನಾ ತೋರ್ಸ್ದೆ ಅಂತ ಏಳ್ಬ್ಯಾಡ" ಎಂದೆ. ಅಣ್ಣ ನೋಡಿ, ಮಗ್ಗದಿಂದ ಎದ್ದ. "ಓದಿದ್ದು ಪೋದುಂ, ಸಾಕು. ನಾಳೆಯಿಂದ ಕಾಲೇಜ್‌ಗೆ ಓಗಂಗಿಲ್ಲ ಅವ್ಳು."

ಬೆಳಿಗ್ಗೆ ನೀನು ಓಡಿಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. "ಯಾರೋ ಅಪ್ಪನ್ಗೆ ಏಳ್ಬಿಟ್ಟವ್ರೆ ಅತ್ತೆ. ನೀವ್ ಒಂದ್ ಮಾತು ಏಳಿ, ನಿಮ್ ಮಾತು ಕೇಳ್ತಾರೆ."

"ಯಾರಮ್ಮಾ ಆ ಹಾಳಾದೋರು? ಅವ್ರ್ ಕೈ ಸೇದೋಗ!" ಎಂದೆ ನಾನು. ನಿನ್ನ ತಲೆ ಸವರುತ್ತಾ ಎಂದೆ. ಆ ಕೈ — ಅದೇ ಕೈಯಲ್ಲಿ ಇವತ್ತೂ ಅನ್ನ ತಿನ್ನುತ್ತಿದ್ದೇನೆ. ಅಣ್ಣನಿಗೆ ಒಂದು ಮಾತೂ ಹೇಳಲಿಲ್ಲ.

ಕೊನೆಯ ವರ್ಷದ ಪರೀಕ್ಷೆ ಬರೆಯುವ ಮೊದಲೇ ನಿನ್ನನ್ನು ಕಂಬೈನಲ್ಲೂರಿನ ಜವಳಿ ಅಂಗಡಿಯವನಿಗೆ ಕೊಟ್ಟರು. ಮತ್ತೆ ನೀನು ಪುಸ್ತಕ ಹಿಡಿದದ್ದನ್ನು ನಾನು ಕಂಡಿಲ್ಲ. ಹೋದ ತಿಂಗಳು ಹಬ್ಬಕ್ಕೆ ಬಂದವಳು ಪಂಕ್ತಿಯಲ್ಲಿ ಎಲ್ಲರ ಮುಂದೆ ಹೇಳಿದೆ: "ಆವತ್ತು ನಂಗೆ ಅಂತ ಇದ್ದಿದ್ದು ನಮ್ಮತ್ತೆ ಒಬ್ರೇ." ಅಣ್ಣ ತಲೆ ತಗ್ಗಿಸಿದ. ನಾನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.

ನಾನು ಪಾಠ ಮಾಡಿದ ಕಾದಂಬರಿಗಳಲ್ಲಿ ನನ್ನಂಥವಳು ಇರಲಿಲ್ಲ, ಲತಾ. ಅಲ್ಲಿ ಕಣ್ಣಿಟ್ಟು ಕಾಯುವವನಿಗೆ ಸಂಬಳವಾದರೂ ಇತ್ತು, ಮೇಲಿನವರ ಭಯವಾದರೂ ಇತ್ತು. ಹೀಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.

ಈ ಬರಹವೂ ಒಂದು ಕಳ್ಳಾಟವೇ. ನೀನು ಶಾಲೆಯಲ್ಲಿ ಕಲಿತದ್ದು ತಮಿಳು. ಮನೆಮಾತು ಕನ್ನಡವಾದರೂ ಅದರ ಅಕ್ಷರ ನಿನಗೆ ಬಾರದು. ಅದು ಗೊತ್ತಿದ್ದೇ ಇಷ್ಟು ಧೈರ್ಯವಾಗಿ ಬರೆದೆ. ಭಾನುವಾರ ಕಂಬೈನಲ್ಲೂರಿನ ಬಸ್ಸು ಹತ್ತುತ್ತೇನೆ. ಇದನ್ನು ನಿನ್ನೆದುರು ಕೂತು ನಾನೇ ಓದಿ ಹೇಳಬೇಕು — ನಿನ್ನ ಮುಖ ನೋಡುತ್ತಾ.