ಎಡಗೈಗೊಂದು ಮಚ್ಚು

ದುದ್ದದಿಂದ ಹಾಸನಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರು ನನಗೂ ನನ್ನ ಅತ್ತೆ ನಿಂಗಮ್ಮನವರಿಗೂ ಎರಡು ಸೊನ್ನೆ ಟಿಕೆಟ್ ಹರಿದುಕೊಟ್ಟರು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ನನ್ನತ್ತೆ ಊರಲ್ಲಿ ನಿಲ್ಲುವುದೇ ಕಡಿಮೆ. ನಾನು ಮಚ್ಚು ಕೊಳ್ಳಲು ಹೊರಟಿದ್ದೇನೆಂದು ತಿಳಿದದ್ದೇ ತಡ, ಆಧಾರ್ ಕಾರ್ಡು, ಎಲೆಅಡಿಕೆ, ಹೊಳೆನರಸೀಪುರದಲ್ಲಿರುವ ಮಗಳಿಗೆಂದು ಒಂದು ಚೀಲ ಅವರೆಕಾಯಿ ಹಿಡಿದು ನನಗಿಂತ ಮೊದಲೇ ಬಂದು ನಿಂತಿದ್ದರು. ಹೊರಗೆ ಮಂಜು ಮುಸುಕಿತ್ತು. ಟಿಕೆಟ್ಟಿಗೆ ನಾನು ಎಡಗೈ ಚಾಚಿದೆ.

"ಆ ಕೈ ಅಲ್ಲ" ಎಂದರು ಅತ್ತೆ.

ನಾನು ಎಡಚಿ. ಮದುವೆಯಾಗಿ ಬಂದಂದಿನಿಂದ ಅತ್ತೆ ನನಗೆ ಆಡಿದ ಮಾತುಗಳಲ್ಲಿ ಅರ್ಧ ಈ ಮೂರು ಪದಗಳೇ ಇರಬೇಕು. ಕುಂಕುಮ ತೆಗೆದುಕೊಳ್ಳುವಾಗ ಆ ಕೈ ಅಲ್ಲ, ಮುದ್ದೆ ಬಡಿಸುವಾಗ ಆ ಕೈ ಅಲ್ಲ, ಡೈರಿಯಲ್ಲಿ ಹಾಲಿನ ಕ್ಯಾನು ಎತ್ತಿಡುವಾಗಲೂ ಆ ಕೈ ಅಲ್ಲ. ಕೊಡುವುದು, ಇಸಕೊಳ್ಳುವುದು, ಉಣ್ಣುವುದು ಹೇಗೋ ಬಲಗೈಗೆ ಬಂತು, ಈಗಲೂ ಒಮ್ಮೊಮ್ಮೆ ಮರೆಯುತ್ತೇನೆ. ಕೊಯ್ಯುವುದು, ಕೊಚ್ಚುವುದು ಮಾತ್ರ ಎಷ್ಟು ಬೈದರೂ ಎಡಗೈ ಬಿಟ್ಟು ಬರಲಿಲ್ಲ.

ಮಚ್ಚಿನ ವಿಷಯಕ್ಕೆ ಬರುತ್ತೇನೆ. ಮರಕ್ಕೆ ಸಿಕ್ಕಿಸಿ ಕಾಲಿಟ್ಟು ಹತ್ತುವ ಯಂತ್ರವೊಂದು ಬಂದಿದೆಯಲ್ಲ, ಅದರಲ್ಲಿ ತೆಂಗಿನ ಮರ ಹತ್ತುವುದನ್ನು ನಮ್ಮೂರಿನ ನಾವೊಂದಷ್ಟು ಹೆಂಗಸರು ಸೇರಿ ಕಲಿತೆವು. ಹತ್ತುವುದರಲ್ಲಿ ನಾನೇ ಮುಂದು. ಗೊನೆ ಕಡಿಯುವಾಗ ಮಾತ್ರ ಮರ್ಯಾದೆ ಹೋಗುತ್ತಿತ್ತು. ನಮ್ಮ ಕಡೆಯ ಮಚ್ಚಿಗೆ ಒಂದೇ ಮಗ್ಗುಲಿಗೆ ಸಾಣೆ ಹಿಡಿದಿರುತ್ತಾರೆ, ಅದು ಬಲಗೈಯವರ ಲೆಕ್ಕ. ಎಡಗೈಯಲ್ಲಿ ಬೀಸಿದರೆ ಏಟು ಗೊನೆಗೆ ಕಚ್ಚದೆ ಜಾರಿ ನನ್ನ ತೊಡೆಯ ಕಡೆಗೇ ಬರುತ್ತಿತ್ತು. ಬಲಗೈಯಲ್ಲಿ ಬೀಸಲು ಹೋದ ದಿನ ಮಚ್ಚು ಕೈತಪ್ಪಿ, ನಮ್ಮ ಜೊತೆ ಕಲಿಯುತ್ತಿದ್ದ ಮಂಜುಳ ಕೆಳಗೆ ನಿಂತಿದ್ದಳಲ್ಲ, ಅವಳ ಪಕ್ಕಕ್ಕೇ ಬಿತ್ತು. ಕಲಿಸುತ್ತಿದ್ದ ಮೇಷ್ಟ್ರು ಅಂದೇ ಹೇಳಿಬಿಟ್ಟರು: "ನಿಮ್ ಕೈಗೆ ಒಗ್ಗೋ ಮಚ್ಚು ತಂದ್ರೆ ಮರ ಹತ್ತಿ. ಇಲ್ದಿದ್ರೆ ಕೆಳಗೆ ಕಾಯಿ ಆಯ್ಕೊಂಡಿರಿ."

ನಮಗೆ ಸಿಕ್ಕ ಮೊದಲ ಕೆಲಸ ಚನ್ನರಾಯಪಟ್ಟಣದ ಹತ್ತಿರದ ಒಂದು ತೋಟದಲ್ಲಿ, ಮಾರನೆಯ ಬೆಳಿಗ್ಗೆಯೇ. ಒಮ್ಮೆ ಮರದ ತುದಿಯಿಂದ ನಮ್ಮ ಮನೆಯ ಹೆಂಚು, ಕೆರೆ, ಕೆರೆಯಾಚೆ ನಾನು ಕಾಲಿಡದ ಊರುಗಳನ್ನೆಲ್ಲ ನೋಡಿದವಳಿಗೆ ಕೆಳಗೆ ಬಗ್ಗಿ ಕಾಯಿ ಆಯಲು ಮನಸ್ಸು ಹೇಗೆ ಬರಬೇಕು? ನನಗೆ ಮರ ಹತ್ತಬೇಕಿತ್ತು. ರಾಗಿ ಒಕ್ಕಣೆಯ ಕಾಲದಲ್ಲಿ ಬಿಡುವು ಸಿಕ್ಕಿದ್ದೇ ಆ ಒಂದು ದಿನ. ಅಮಾವಾಸ್ಯೆ ದಿನ ನಮ್ಮೂರಲ್ಲಿ ಯಾರೂ ಹೊಲದ ಕೆಲಸ ಮಾಡುವುದಿಲ್ಲ.

ಹಾಸನದಲ್ಲಿ ಇಳಿದು ಇಡ್ಲಿ ತಿಂದು, ಮಾರ್ಕೆಟ್ಟಿನ ಹತ್ತಿರ ಹೊಸದಾಗಿ ತೆರೆದ ಅಂಗಡಿಯೊಂದಕ್ಕೆ ಹೋದೆವು. ಬೆಟ್ಟ ಹತ್ತುವವರಿಗೆ, ಕಾಡಿನಲ್ಲಿ ಡೇರೆ ಹಾಕುವವರಿಗೆ ಬೇಕಾದ್ದೆಲ್ಲ ಅಲ್ಲಿತ್ತು. ಗಾಜಿನ ಪೆಟ್ಟಿಗೆಯೊಳಗೆ ಮಡಚುವ ಚಾಕು, ಬೆನ್ನಿಗೆ ಗರಗಸದ ಹಲ್ಲಿರುವ ಚಾಕು, ಹಿಡಿಯೊಳಗೆ ದಿಕ್ಸೂಚಿ ಅಡಗಿಸಿಟ್ಟ ಚಾಕು. ಗೋಡೆಯ ಮೇಲೆ ಕಪ್ಪು ಬಣ್ಣದ ಉದ್ದುದ್ದ ಮಚ್ಚುಗಳು, ಮಿಲಿಟರಿ ಬಟ್ಟೆಯ ಒರೆಗಳು, ಬೆಂಕಿ ಹೊತ್ತಿಸುವ ಕಡ್ಡಿ, ಜೇಬಿನಲ್ಲಿಡುವ ಸಾಣೆಕಲ್ಲು. ಅತ್ತೆ ಒಂದೊಂದನ್ನೂ ಬಗ್ಗಿ ನೋಡಿದರು.

"ಇದ್ರಲ್ಲಿ ಏನ್ ಕುಯ್ತಾರಪ್ಪ?" ಎಂದು ದಿಕ್ಸೂಚಿಯ ಚಾಕು ತೋರಿಸಿ ಕೇಳಿದರು.

"ಏನೂ ಕುಯ್ಯಲ್ಲ ಅಜ್ಜಿ. ಸಕಲೇಶಪುರದ ಕಡೆ ಹೋಗಿ ಫೋಟೋ ತೆಗೆಸ್ಕೋತಾರೆ" ಎಂದು ಅಂಗಡಿಯವನು ನಕ್ಕ. ಒಳ್ಳೆಯ ಮನುಷ್ಯ. ನನ್ನ ಕಷ್ಟ ಕೇಳಿ, ಇದ್ದ ಮಚ್ಚನ್ನೆಲ್ಲ ಇಳಿಸಿ ತೋರಿಸಿದ. ಎರಡೂ ಮಗ್ಗುಲಿಗೆ ಸಾಣೆ ಇದ್ದವು ಎಡಗೈಗೂ ಆದಾವು, ಆದರೆ ತೆಳ್ಳಗೆ ಬಳುಕುತ್ತಿದ್ದವು, ತೆಂಗಿನ ಗೊನೆಯ ಮುಂದೆ ನಿಲ್ಲುವಂಥವಲ್ಲ. ಒರೆಗಳೂ ಅಷ್ಟೇ, ಎಲ್ಲ ಬಲ ಸೊಂಟಕ್ಕೆ ಸಿಕ್ಕಿಸುವಂತೆ ಹೊಲಿದವು. "ಎಡಗೈಗೆ ಅಂತ ಬೇರೆ ಬರಲ್ಲ ಅಕ್ಕ. ಹೊಳೆನರಸೀಪುರದಲ್ಲಿ ಆಚಾರ್ರು ಇದಾರೆ, ಹೇಳಿ ಮಾಡಿಸ್ಕೊಳ್ಳಿ" ಎಂದ.

ಹೊಳೆನರಸೀಪುರಕ್ಕೆ ಒಂದು ಗಂಟೆಯ ದಾರಿ. ಬಿಸಿಲು ಬಂದಿತ್ತು. ಹೇಮಾವತಿ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಅತ್ತೆ ಹೊಳೆಗೆ ಕೈಮುಗಿದರು. ನಾನೂ ಮುಗಿದೆ, ಅದಕ್ಕೆ ಎರಡೂ ಕೈ ಬೇಕಾದ್ದರಿಂದ ತಕರಾರು ಬರಲಿಲ್ಲ. ಕೇಳಿಕೊಂಡು ಆಚಾರ್ರ ಕುಲುಮೆಗೆ ಹೋದರೆ ಬೂದಿ ತಣ್ಣಗಿತ್ತು. ಆಚಾರ್ರು ತಲೆಗೆ ಸ್ನಾನ ಮಾಡಿ, ಜಗುಲಿಯ ಮೇಲೆ ಪೇಪರ್ ಓದುತ್ತ ಕುಳಿತಿದ್ದರು.

"ಇವತ್ತು ಅಮಾಸೆ ಅಲ್ವಾ ತಾಯಿ? ಕುಲುಮೆ ಹಚ್ಚಲ್ಲ. ನಾಳೆ ಬನ್ನಿ."

ನಮಗೆ ಅಮಾವಾಸ್ಯೆ ಎಂದರೆ ಬಿಡುವು, ಅವರಿಗೆ ಬೇಡವೇ? ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಳ್ಳುವಂತಾಯಿತು. ತಿರುಗಿ ನೋಡಿದರೆ ಅತ್ತೆ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತ ಶಾಂತವಾಗಿದ್ದರು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನು. ಬೆಳಿಗ್ಗೆನೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮಚ್ಚು ಸಿಗ್ದಿದ್ರೆ ಮರ ಅತ್ತಲ್ಲ ಅಂತ ಸುಮ್ಕಿದ್ದೆ. ಎಡಗೈಲಿ ಮಚ್ಚಿಡ್ಕೊಂಡು ಅಷ್ಟು ಎತ್ರ ಓಗ್ತೀಯ. ಬಿದ್ರೆ ಯಾರ್ ನೋಡ್ಕೊಳೋರು? ನಾನಾ?"

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಬೇಡವೆನ್ನುವುದಿದ್ದರೆ ಮನೆಯಲ್ಲೇ ಎದುರಿಗೆ ಹೇಳಬಹುದಿತ್ತು. ಎಲೆಅಡಿಕೆ ಕಟ್ಟಿಕೊಂಡು ಜೊತೆಗೆ ಬಂದು ಹೀಗೆ ಮಾಡಿದರಲ್ಲ! ನನ್ನ ಮುಖ ನೋಡಿ ಆಚಾರ್ರಿಗೇ ಪಾಪವೆನ್ನಿಸಿರಬೇಕು. ಪೇಪರ್ ಮಡಚಿಟ್ಟು ಹೇಳಿದರು: "ಅರಕಲಗೂಡಲ್ಲಿ ನನ್ ತಮ್ಮ ಅವ್ನೆ. ಕುಲುಮೆ ಬುಟ್ಟು ವೆಲ್ಡಿಂಗ್ ಸಾಪು ಮಡಗವ್ನೆ. ಅವ್ನಿಗೆ ಅಮಾಸೆನೂ ಇಲ್ಲ, ಉಣ್ಣಿಮೆನೂ ಇಲ್ಲ. ಮಚ್ಚು ಮಾತ್ರ ಚೆನ್ನಾಗಿ ಮಾಡ್ತಾನೆ, ಅದ್ನ ಇಲ್ಲ ಅನ್ನಂಗಿಲ್ಲ."

ನಾದಿನಿಯ ಮನೆಯಲ್ಲಿ ಅವರೆಕಾಯಿ ಇಳಿಸಿ, ಬಿಸಿ ಮುದ್ದೆ ಉಂಡೆವು. "ನೀವು ಮಗಳ ಮನೇಲೇ ಇರಿ" ಎಂದೆ ಅತ್ತೆಗೆ. ಮಾತು ಕೇಳಿದರೆ ಅವರು ನಿಂಗಮ್ಮ ಹೇಗಾದಾರು? ಅರಕಲಗೂಡಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕುಳಿತರು. ದಾರಿಯುದ್ದಕ್ಕೂ ನಾನು ಕಿಟಕಿ ನೋಡುತ್ತಿದ್ದೆ, ಅವರು ಮುಂದಿನ ಸೀಟು ನೋಡುತ್ತಿದ್ದರು.

ಅರಕಲಗೂಡಿನ ವೆಲ್ಡಿಂಗ್ ಶಾಪಿನ ಮಾಲೀಕ ರಂಗಾಚಾರಿ, ಅಣ್ಣ ಕಳಿಸಿದ್ದಾರೆ, ನೀವು ಮಚ್ಚು ಚೆನ್ನಾಗಿ ಮಾಡ್ತೀರಂತೆ ಎಂದ ಕೂಡಲೇ ಕನ್ನಡಕ ಮೇಲೇರಿಸಿ ನಿಂತ. "ಅವ್ನೇ ಕಳಿಸಿದ್ನಾ? ಅವ್ನ ಬಾಯಲ್ಲೇ ಹೇಳಿದ್ನಾ, ಚೆನ್ನಾಗಿ ಮಾಡ್ತಾನೆ ಅಂತ?" ಎಂದು ಎರಡು ಸಲ ಕೇಳಿ ನಮಗೆ ಟೀ ತರಿಸಿದ. ಹಳೆ ಲಾರಿಯ ಕಮಾನುಪಟ್ಟೆಯಿಂದ ಮಾಡಿದ, ಹದ ಆಗಿ ಅಂಚು ಮಾತ್ರ ತೆಗೆಯದ ಮಚ್ಚುಗಳು ಅವನಲ್ಲಿದ್ದವು. ಒಂದನ್ನು ಎತ್ತಿ, ನನ್ನ ಎಡಗೈಯಲ್ಲಿ ಬೀಸಿಸಿ ನೋಡಿ, ಹಿಡಿಯನ್ನು ಕೊಂಚ ಸಣ್ಣ ಮಾಡಿ, ಎಲ್ಲರಿಗೂ ಹಿಡಿಯುವ ಮಗ್ಗುಲು ಬಿಟ್ಟು ಇನ್ನೊಂದು ಮಗ್ಗುಲಿಗೆ ಸಾಣೆ ಹಿಡಿಯತೊಡಗಿದ. ಕಿಡಿ ಹಾರುವುದನ್ನು ನಾನು ಬಾಯಿಬಿಟ್ಟುಕೊಂಡು ನೋಡಿದೆ. ಅಂಗಳದಲ್ಲಿದ್ದ ಹಸಿ ಕೊಂಬೆಯ ಮೇಲೆ ಒಂದೇಟು ಹಾಕಿದೆ. ಮಚ್ಚು ಜಾರಲಿಲ್ಲ, ನೆಟ್ಟಗೆ ಇಳಿಯಿತು. ನನಗೆ ಹೇಳಲಾಗದಷ್ಟು ಖುಷಿಯಾಯಿತು.

ದುಡ್ಡು ಕೊಟ್ಟಮೇಲೆ ರಂಗಾಚಾರಿ ಮಚ್ಚನ್ನು ನೆಲದ ಮೇಲಿಟ್ಟ. ಹರಿತದ ವಸ್ತುವನ್ನು ನಮ್ಮಲ್ಲಿ ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಎನ್ನುತ್ತಾರೆ. ಒಬ್ಬರು ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನಾನು ಬಗ್ಗುವಷ್ಟರಲ್ಲಿ ಅತ್ತೆ "ಆ ಕೈ ಅಲ್ಲ" ಎಂದು ತಾವೇ ಬಲಗೈಯಲ್ಲಿ ಎತ್ತಿ, ಪೇಪರ್ ಸುತ್ತಿ, ತಮ್ಮ ಚೀಲದೊಳಗೆ ಇಟ್ಟುಕೊಂಡರು. ಇನ್ನು ಈ ಮಚ್ಚು ನನ್ನ ಕೈಗೆ ಬರುವುದು ಅನುಮಾನವೇ ಎಂದುಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ಹತ್ತುವಾಗ ಪೇಪರ್ ಹರಿದು ಮಚ್ಚಿನ ಮೂತಿ ಚೀಲದಿಂದ ಆಚೆ ಬಂತು. ಕಂಡಕ್ಟರ್ ಬಾಗಿಲಲ್ಲೇ ತಡೆದ.

"ಬರೀ ಮಚ್ಚು ಬಸ್ಸೊಳಗೆ ಬ್ಯಾಡ ಅಜ್ಜಿ. ಜನ ತುಂಬವ್ರೆ, ಯಾರ್ಗಾದ್ರೂ ತಗುಲ್ತದೆ. ಇಲ್ಲೇ ಯಾವ್ದಾದ್ರೂ ಅಂಗ್ಡೀಲಿ ಮಡಗ್ಬುಟ್ಟು ಬನ್ನಿ. ನಾಳೆ ಯಾರಾದ್ರೂ ಗಂಡಸ್ರನ್ನ ಕಳ್ಸಿ ತರಿಸ್ಕಳಿ."

ಅತ್ತೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? ಅಂಗಡಿಯಲ್ಲಿಟ್ಟು ಬಂದರೆ ಮಾರನೆಯ ದಿನ ನಾನು ಮರ ಹತ್ತುವಂತಿರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ಕಂಡಕ್ಟರನ ಮುಖ ನೋಡುತ್ತಿದ್ದರು.

"ಗಂಡಸ್ರು ಯಾಕಪ್ಪ? ಗಂಡ ಸತ್ತ್ಮೇಲೆ ಮೂವತ್ತು ವರ್ಸ ಹೊಲ ಉತ್ತು ಆರಂಬ ಮಾಡಿವ್ನಿ, ಯಾವ್ ಗಂಡಸ್ನೂ ಮಚ್ಚು ತಂದ್ಕೊಡ್ಲಿಲ್ಲ ನಂಗೆ. ಮರ ಅತ್ತೋಳು ಇವ್ಳು, ನನ್ ಸೊಸೆ. ಮಚ್ಚೂ ಇವ್ಳದೇ."

"ಸರಿ ಅಜ್ಜಿ, ಅದ್ಕೊಂದು ಒರೆ ಮಾಡಿಸ್ಕಂಡು ಬನ್ನಿ. ಹಿಂದೆ ಇನ್ನೊಂದು ಬಸ್ಸದೆ" ಎಂದು ಆತ ವಿಸಿಲ್ ಊದಿದ.

ಅತ್ತೆ ನನಗಿಂತ ಮುಂದೆ ನಡೆದರು. ರಂಗಾಚಾರಿಯ ಪಕ್ಕದಲ್ಲೇ ಪಂಕ್ಚರ್ ಅಂಗಡಿ. ಹಳೆಯ ಸ್ಕೂಟರ್ ಟೈರಿನ ತುಂಡೊಂದನ್ನು ಆರಿಸಿದವರು ಅತ್ತೆ, ಮಡಚಿ ಮಚ್ಚಿನ ಅಳತೆ ತೋರಿಸಿದವರು ಅತ್ತೆ. ರಂಗಾಚಾರಿ ಅಂಚಿಗೆ ರಿವೆಟ್ ಹೊಡೆದು, ಸೊಂಟಕ್ಕೆ ಕಟ್ಟುವ ಪಟ್ಟಿ ಕೂರಿಸಿ, ಒರೆಯನ್ನು ಅಭ್ಯಾಸದಂತೆ ನನ್ನ ಬಲ ಸೊಂಟಕ್ಕೆ ಹಿಡಿದು ನೋಡಿದ.

"ಅಲ್ಲಲ್ಲ, ಎಡಕ್ಕೆ ಕಟ್ಟು. ಒಸಿ ಹಿಂದಕ್ಕಿರ್ಲಿ" ಎಂದರು ಅತ್ತೆ. "ಅವ್ಳು ರಾಗಿ ಕುಯ್ಯೋ ಕುಡ್ಲು ಸಿಗಿಸ್ಕೊಳ್ಳೋದು ಅಲ್ಲೇ. ಬಗ್ಗಿದ್ರೂ ಅಲ್ಲಿಗೇ ಕೈ ಓಗೋದು."

"ಪರ್ವಾಗಿಲ್ವೆ ಅಜ್ಜಿ, ಚೆನ್ನಾಗಿ ನೋಡಿದೀರ" ಎಂದ ರಂಗಾಚಾರಿ.

"ಇಪ್ಪತ್ತು ವರ್ಸದಿಂದ ಆ ಕೈನ ಬೈತಾ ಇವ್ನಿ. ನೋಡ್ದೆ ಬೈಯೋಕಾದದಾ?"

ಹಿಂದಿನ ಬಸ್ಸಿನಲ್ಲಿ ಯಾರೂ ತಡೆಯಲಿಲ್ಲ. ಒರೆಯೊಳಗಿದ್ದ ಮಚ್ಚು ಅತ್ತೆಯ ತೊಡೆಯ ಮೇಲೇ ಇತ್ತು. ನನ್ನ ಸಿಟ್ಟು ಎಲ್ಲಿ ಇಳಿಯಿತೋ ತಿಳಿಯದು, ಕಡಲೆಕಾಯಿ ಸುಲಿದು ಅವರಿಗೂ ಕೊಟ್ಟೆ. ಬಲಗೈಯಲ್ಲೇ. ಸಂಜೆ ನಾದಿನಿಯ ಮನೆ ಸೇರಿ, ಅವರೆಕಾಳಿನ ಸಾರು ಉಂಡು, ಮಲಗಿದೆವು.

ಮಾರನೆಯ ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸಿಗೆ ನಾನೊಬ್ಬಳೇ ಹತ್ತಬೇಕಾಗಿತ್ತು, ಅತ್ತೆಯೂ ಹತ್ತಿದರು. ಮಚ್ಚು ಅವರ ಚೀಲದಲ್ಲಿದ್ದುದರಿಂದ ಬೇಡವೆನ್ನುವಂತೆಯೂ ಇರಲಿಲ್ಲ. ಪಟ್ಟಣದಲ್ಲಿಳಿದು ಆಟೋದಲ್ಲಿ ತೋಟಕ್ಕೆ ಹೋದೆವು. ಮಂಜುಳ ಮತ್ತು ಉಳಿದವರು ಆಗಲೇ ಮರಗಳಿಗೆ ಯಂತ್ರ ಸಿಕ್ಕಿಸುತ್ತಿದ್ದರು. "ಮಚ್ಚು ಸಿಕ್ತಾ? ಇಲ್ಲ ಮಂಕರಿ ತಗೋತೀಯ?" ಎಂದು ಮಂಜುಳ ಕಾಯಿ ತುಂಬುವ ಬುಟ್ಟಿ ತೋರಿಸಿದಳು. ನಾನು ಅತ್ತೆಯ ಕಡೆ ನೋಡಿದೆ.

ಅವರು ಅವಸರ ಮಾಡಲಿಲ್ಲ. ಒರೆಯಿಂದ ಮಚ್ಚು ತೆಗೆದು, ಎಲೆಅಡಿಕೆ ಚೀಲದಿಂದ ಕುಂಕುಮದ ಪೊಟ್ಟಣ ಬಿಚ್ಚಿ ಅಲಗಿಗೆ ಇಟ್ಟರು. ಮರದ ಬುಡಕ್ಕೂ ಒಂದು ಬೊಟ್ಟು ಇಟ್ಟರು. ಒರೆಯನ್ನು ತಾವೇ ನನ್ನ ಎಡ ಸೊಂಟಕ್ಕೆ, ಸ್ವಲ್ಪ ಹಿಂದಕ್ಕೆ, ಬಿಗಿದು ಕಟ್ಟಿ ಎರಡು ಸಲ ಎಳೆದು ನೋಡಿದರು. ಆಮೇಲೆ ಮಚ್ಚನ್ನು ನನ್ನ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದರು.

ಹೊಸ ವಸ್ತು, ಕುಂಕುಮ ಇಟ್ಟಿದ್ದಾರೆ, ಹಿರಿಯರು ಎದುರಿಗಿದ್ದಾರೆ. ನಾನು ಬಗ್ಗಿ ಬಲಗೈ ಚಾಚಿದೆ.

"ಆ ಕೈ ಅಲ್ಲ" ಎಂದರು ಅತ್ತೆ.