ಚಿಕ್ಕವಳ ಸಾಲಿಗಿಂತ ತಣ್ಣಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋದಾಮಿನ ಫ್ಯಾನುಗಳ ಮೊರೆತ ರಸ್ತೆಯ ತಿರುವಿಗೇ ಕೇಳಿಸುತ್ತದೆ. ಮೊದಲು ಇಲ್ಲಿ ಧಾನ್ಯದ ಮೂಟೆ ಪೇರಿಸಿಡುತ್ತಿದ್ದರು. ಮೂಟೆಗಳು ಹೋದ ಸುದ್ದಿ ಗುಬ್ಬಿಗಳಿಗೆ ಇನ್ನೂ ಮುಟ್ಟಿಲ್ಲ. ದಿನವೂ ಬಂದು ಹೊಸ್ತಿಲು ಕೆದಕಿ ಹೋಗುತ್ತವೆ. ಒಳಗೆ, ಕಬ್ಬಿಣದ ಕಪಾಟುಗಳ ನಡುವೆ, ತಗ್ಗು ಸ್ಟೂಲಿನ ಮೇಲೆ ಕುಳಿತ ಹೆಂಗಸೊಬ್ಬಳು ಯಂತ್ರವೊಂದನ್ನು ಬಿಚ್ಚಿ ಮಡಿಲಿಗೆ ಎಳೆದುಕೊಂಡಿದ್ದಾಳೆ.

ಕೈಗೆ ಸಿಗದ, ಕಣ್ಣಿಗೆ ಕಾಣದ ಕ್ರಿಪ್ಟೋ ನಾಣ್ಯಕ್ಕಾಗಿ ಹಗಲಿರುಳು ಲೆಕ್ಕ ಹಾಕುವ ಯಂತ್ರಗಳಿವು. ಲೆಕ್ಕ ಹಾಕಿದಷ್ಟೂ ಕಾಯುತ್ತವೆ. ಕಾವು ಹೊರಹೋಗಲೆಂದು ಒಳಗಿನ ಚಿಪ್‌ಗಳ ಮೇಲೆ ಅಲ್ಯೂಮಿನಿಯಂ ಹಲಗೆ ಕೂತಿರುತ್ತದೆ. ಎರಡರ ನಡುವೆ ಬೂದು ಬಣ್ಣದ ಪೇಸ್ಟು. ದಿನ ಕಳೆದಂತೆ ಅದು ಒಣಗಿ ಸುಣ್ಣದ ಹಕ್ಕಳೆಯಾಗುತ್ತದೆ. ಅದನ್ನು ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದು ಹಚ್ಚಿ, ಹಲಗೆ ಕೂರಿಸಿ ತಿರುಪು ಬಿಗಿಯುವುದು ಈಕೆಯ ಕೆಲಸ. ಕೆಲಸದವರೆಲ್ಲ ಈಕೆಯನ್ನು ದೊಡ್ಡಕ್ಕ ಎನ್ನುತ್ತಾರೆ. ಪಕ್ಕದ ಸಾಲಿನಲ್ಲಿ ಇದೇ ಕೆಲಸ ಮಾಡುವ ಚಿಕ್ಕವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ.

ಚಿಕ್ಕವಳನ್ನು ಇಲ್ಲಿಗೆ ಕರೆತಂದವಳೂ ಕೆಲಸ ಕಲಿಸಿದವಳೂ ದೊಡ್ಡಕ್ಕನೇ. "ಮನೇಲಿ ಕೂತು ನನ್ನ ಪಾತ್ರೆ ಲೆಕ್ಕ ಹಾಕ್ತಿದ್ಲು. ಬಾ, ಇಲ್ಲೊಂದು ಕೆಲಸ ಇದೆ ಅಂದೆ. ನನ್ನ ಬಾಯಿ ಅವತ್ತು ಮುಚ್ಚಿಕೊಂಡಿದ್ರೆ ಚೆನ್ನಾಗಿತ್ತು," ಎನ್ನುತ್ತಾಳೆ ದೊಡ್ಡಕ್ಕ, ತಲೆ ಎತ್ತದೆ.

ಹಾಗೆನ್ನಲು ಕಾರಣ ಮುಂಗೋಡೆಯ ಮೇಲಿದೆ. ಅಲ್ಲಿನ ಪರದೆಯಲ್ಲಿ ಪ್ರತಿ ಸಾಲಿನ ಕಾವು ಇಡೀ ದಿನ ಮಿನುಗುತ್ತದೆ. ಚಿಕ್ಕವಳ ಸಾಲು ಯಾವಾಗಲೂ ಮೂರು ನಾಲ್ಕು ಡಿಗ್ರಿ ತಣ್ಣಗೆ. ದೊಡ್ಡಕ್ಕ ನೀರು ಕುಡಿಯಲು ಎದ್ದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬರೀ ಅಂಕಿಯ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಗೋದಾಮಿನ ಹಿಂಬದಿಗೆ ಗಾಜಿನ ಗೋಡೆಯ ಹೊಸ ಕೋಣೆ ಎದ್ದಿದೆ. ಅಲ್ಲಿನ ಯಂತ್ರಗಳನ್ನು ತಂಪಾಗಿಡುವುದು ನೀರಿನ ಕೊಳವೆ, ಫ್ಯಾನಿಲ್ಲ, ಸದ್ದಿಲ್ಲ. ಅದನ್ನು ನೋಡಿಕೊಳ್ಳಲು ಒಬ್ಬರು ಸಾಕು. ಯಾರ ಸಾಲು ತಣ್ಣಗಿರುತ್ತದೋ ಅವರಿಗೆ ಕೋಣೆ ಎಂದುಬಿಟ್ಟಿದ್ದಾನೆ ಮೇಸ್ತ್ರಿ. ಈ ಮೊರೆತದಲ್ಲೇ ವರ್ಷಗಟ್ಟಲೆ ಕೂತ ದೊಡ್ಡಕ್ಕನ ಎಡಗಿವಿ ಮಂದವಾಗಿದೆ. ಸದ್ದಿನಿಂದ ದೂರ ಇರದಿದ್ದರೆ ಬಲಗಿವಿಯೂ ಅದೇ ದಾರಿ ಹಿಡಿಯುತ್ತದೆ ಎಂದಿದ್ದಾರೆ ಡಾಕ್ಟರು. "ಮನೇಲಿ ಉಪ್ಪು ಕೊಡಿ ಅಂದ್ರೂ ಜಗಳ ಅಂದ್ಕೊಂಡು ಪಕ್ಕದವರು ಕಿಟಕಿ ತೆಗೀತಾರೆ. ಅಷ್ಟು ಜೋರು ನನ್ನ ಮಾತು."

ಕಿಟಕಿಯ ಗಾಳಿ ಬಡಿಯುವುದರಿಂದಲೇ ಚಿಕ್ಕವಳ ಸಾಲು ತಣ್ಣಗೆ ಎಂದು ದೊಡ್ಡಕ್ಕ ವಾದಿಸಿದಳು. ಸಾಲು ಅದಲುಬದಲು ಮಾಡಿಸಿಕೊಂಡಳು. ಇನ್ನೊಂದು ಸುತ್ತು ಪೇಸ್ಟು ಹಚ್ಚಿ ಮುಗಿಯುವ ಹೊತ್ತಿಗೆ ಕಿಟಕಿಯ ಸಾಲು ಕಾದಿತ್ತು, ಚಿಕ್ಕವಳಿಗೆ ಬಿಟ್ಟುಕೊಟ್ಟ ಮೂಲೆಯ ಸಾಲು ತಣ್ಣಗಾಗಿತ್ತು. ಚಿಕ್ಕವಳು ಅಷ್ಟಕ್ಕೇ ಬಿಡಲಿಲ್ಲ. "ಅಕ್ಕಾ, ಯಂತ್ರ ಹಾಗಿರಲಿ, ಮೊದಲು ನಿಮ್ಮ ಹೊಟ್ಟೆಗೆ ಒಂದು ಚೂರು ಪೇಸ್ಟ್ ಹಚ್ಕೊಳ್ಳಿ," ಎಂದಳು. ಮೇಸ್ತ್ರಿಯೂ ನಕ್ಕ.

ಅಂದಿನಿಂದ ದೊಡ್ಡಕ್ಕ ಚಿಕ್ಕವಳ ಕೈಯನ್ನೇ ಕಾಯತೊಡಗಿದಳು. ಬೇರೆ ಡಬ್ಬಿಯ ಪೇಸ್ಟು ತರುತ್ತಾಳೋ, ಕದ್ದು ಫ್ಯಾನು ತಿರುಗಿಸುತ್ತಾಳೋ ಎಂದು ಕಪಾಟಿನ ಸಂದಿಯಿಂದ ಇಣುಕಿದಳು. ಕಂಡಿದ್ದು ಇಷ್ಟೇ: ಚಿಕ್ಕವಳು ಒಂದು ಮೂಲೆಯ ತಿರುಪನ್ನು ಅರ್ಧ ಬಿಗಿದು, ಎದುರು ಮೂಲೆಗೆ ಹೋಗಿ, ಮತ್ತೆ ಉಳಿದೆರಡಕ್ಕೆ ಬಂದು, ಹೀಗೆ ಸುತ್ತಿ ಸುತ್ತಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಿದ್ದಳು. ಹಾಗೆ ಮಾಡಿದರೆ ಹಲಗೆ ಓರೆಯಾಗದು, ಪೇಸ್ಟು ಎಲ್ಲ ಕಡೆ ಒಂದೇ ಸಮ ಹರಡುತ್ತದೆ.

"ಅದನ್ನ ಹೇಳಿಕೊಟ್ಟಿದ್ದು ನಾನೇ ಕಣ್ರೀ! ಬೇಗ ಬೇಗ ಮುಗಿಸೋ ಆತುರಕ್ಕೆ ಒಂದು ಮೂಲೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋಗೋದು ಅಭ್ಯಾಸ ಆಗೋಗಿತ್ತು ನನಗೆ. ಅವಳು ಮರೀಲಿಲ್ಲ. ಏನಾದ್ರೂ ಮೋಸ ಮಾಡಿದ್ರೆ ಎಷ್ಟೋ ಸಮಾಧಾನ ಆಗ್ತಿತ್ತು."

ಆಮೇಲೆ ಅವಳು ತನ್ನ ಸಾಲಿನ ಒಂದೊಂದೇ ಯಂತ್ರವನ್ನು ಮತ್ತೆ ಬಿಚ್ಚಿ ಕೂರಿಸುತ್ತ ಬಂದಿದ್ದಾಳೆ. ಅದಕ್ಕೇ ಈ ಮುಂಜಾವಿನ ಹಾಜರಿ. ಸ್ಪಿರಿಟ್ಟಿಗೆ ಬೆರಳ ತುದಿಗಳು ಬಿರಿದಿವೆ. ನಡುವೆ ಒಂದು ದಿನ ಚಿಕ್ಕವಳೇ ಬಂದು, "ಕಿವಿ ನಿಮ್ದು ಕೆಟ್ಟಿರೋದು, ಕೋಣೆ ನೀವೇ ತಗೊಳ್ಳಿ, ನಾನು ಮೇಸ್ತ್ರಿಗೆ ಹೇಳ್ತೀನಿ," ಎಂದಳಂತೆ.

"ಅವಳು ಉಂಡು ಬಿಟ್ಟಿದ್ದು ನನಗ್ಯಾಕೆ? ಬೇಡ ಅಂದೆ," ಎನ್ನುತ್ತಾಳೆ ದೊಡ್ಡಕ್ಕ. ಮಡಿಲಲ್ಲಿರುವುದು ಸಾಲಿನ ಕೊನೆಯ ಯಂತ್ರ. ಕೊನೆಯ ತಿರುಪನ್ನು ಬಿಗಿದು, ಕಪಾಟಿಗೆ ಎತ್ತಿಟ್ಟು ಚಾಲೂ ಮಾಡುತ್ತಾಳೆ. ಅದು ಕಾದು ಒಂದು ಹದಕ್ಕೆ ನಿಲ್ಲುವವರೆಗೆ ಸ್ಟೂಲು ಬಿಟ್ಟು ಏಳುವುದಿಲ್ಲ.

ಬಿಸಿಲು ಬಾಗಿಲಿಗೆ ಬರುವ ಹೊತ್ತಿಗೆ ಮೇಸ್ತ್ರಿ ಪರದೆಯ ಮುಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಾನೆ. ದೊಡ್ಡಕ್ಕನ ಸಾಲು ಚಿಕ್ಕವಳದಕ್ಕಿಂತ ಒಂದು ಡಿಗ್ರಿ ಕೆಳಗಿದೆ. ಒಂದೇ ಒಂದು. ಅವನು ಗಾಜಿನ ಕೋಣೆಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಡುತ್ತಾನೆ. ಚಿಕ್ಕವಳು ಪರದೆ ನೋಡುತ್ತಾಳೆ. ಈ ಸಲ ತಮಾಷೆಯಿಲ್ಲ. ತನ್ನ ಸಾಲಿಗೆ ಹೋಗಿ, ಸರಿಯಾಗಿಯೇ ಓಡುತ್ತಿರುವ ಯಂತ್ರವೊಂದನ್ನು ಆರಿಸಿ ತಿರುಪು ಬಿಚ್ಚತೊಡಗುತ್ತಾಳೆ.

"ನೋಡಿದ್ರಾ?" ಎನ್ನುತ್ತಾಳೆ ದೊಡ್ಡಕ್ಕ. ಮೊದಲ ಬಾರಿಗೆ ಅವಳ ದನಿ ತಗ್ಗಿದೆ. "ಈಗ ಅವಳಿಗೂ ಹತ್ಕೊಳ್ತು."

ಗಾಜಿನ ಕೋಣೆಯಲ್ಲಿ ನೀರು ಹರಿಯುವ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ಅವಳು ಬಲಗಿವಿಯನ್ನು ಅತ್ತ ತಿರುಗಿಸಿ ಆಲಿಸುತ್ತಾಳೆ. ಮೇಜು ಎಲ್ಲಿ ಹಾಕಿಸಲಿ, ಒಳಗಿನ ಮೂಲೆಯಲ್ಲಿ ನೆಮ್ಮದಿಯಾಗಿರುತ್ತದಲ್ಲ ಎಂದು ಮೇಸ್ತ್ರಿ ಕೇಳುತ್ತಾನೆ.

"ಮೂಲೆ ಬೇಡಪ್ಪ. ಗಾಜಿನ ಹತ್ರಾನೇ ಹಾಕ್ಸು," ಎನ್ನುತ್ತಾಳೆ ದೊಡ್ಡಕ್ಕ. "ಅವಳ ಸಾಲಿನ ಅಂಕಿ ಕಾಣ್ಬೇಕು ನನಗೆ."